ಹಿಂತಿರುಗುವೆನೆಂಬುದಕ್ಕೆ ಸಾಕ್ಷಿ

ನಮ್ಮ ಚಿಕ್ಕಮ್ಮನ ಊರು ಶಿರಸಿಯಿಂದ ಒಳಗೆ. ದಿನಕ್ಕೆ ಎರಡು ಬಸ್ಸು. ಚಿಕ್ಕಪ್ಪ ತೀರಿಕೊಂಡ ಮೇಲೆ ಎರಡೆಕರೆ ಅಡಿಕೆ ತೋಟವನ್ನೂ ಕೊಟ್ಟಿಗೆಯ ಎರಡು ಹಸುಗಳನ್ನೂ ಅವಳೇ ನೋಡಿಕೊಳ್ಳುತ್ತಾಳೆ. ಒಬ್ಬಳೇ ಮಗಳು ಹೊರದೇಶದಲ್ಲಿದ್ದಾಳೆ. ಆ ಮಗಳು ಐದು ತಿಂಗಳ ಬಸುರಿಯಾಗಿದ್ದಾಗ ಚಿಕ್ಕಮ್ಮ ಬಾಣಂತನಕ್ಕೆ ಹೋಗಲೆಂದು ವೀಸಾಕ್ಕೆ ಅರ್ಜಿ ಹಾಕಿದಳು. ಬಾಣಂತನಕ್ಕೆಂದು ಪ್ರತ್ಯೇಕ ವೀಸಾ ಇಲ್ಲ. ಆದ್ದರಿಂದ ಕಾಗದದ ಮೇಲೆ ಅವಳು ಪ್ರವಾಸಿ. ಪಹಣಿ, ಸೊಸೈಟಿಯ ಪಾಸ್‌ಬುಕ್ಕು, ಬ್ಯಾಂಕಿನ ಆರು ತಿಂಗಳ ಸ್ಟೇಟ್‌ಮೆಂಟು, ಮಗಳ ಆಹ್ವಾನಪತ್ರ, ಅಳಿಯನ ಸಂಬಳದ ಚೀಟಿ ಎಲ್ಲವನ್ನೂ ಫೈಲಿನಲ್ಲಿ ಜೋಡಿಸಿಕೊಂಡು ಬೆಂಗಳೂರಿಗೆ ಬಂದು ಹತ್ತು ಬೆರಳಿನ ಗುರುತು ಕೊಟ್ಟು ಹೋದಳು. ಅಡಿಕೆ ಸುಲಿದು ಸವೆದ ಬೆರಳುಗಳು. ಯಂತ್ರ ಎರಡು ಸಲ ಗುರುತು ಹಿಡಿಯಲಿಲ್ಲ.

ಮೂರು ವಾರದ ಮೇಲೆ ಪಾಸ್‌ಪೋರ್ಟ್ ಕೊರಿಯರಿನಲ್ಲಿ ವಾಪಸು ಬಂತು, ಜೊತೆಗೊಂದು ಮುದ್ರಿತ ಹಾಳೆ. ಭೇಟಿ ಮುಗಿದ ಮೇಲೆ ನೀವು ನಿಮ್ಮ ದೇಶಕ್ಕೆ ಮರಳುತ್ತೀರೆಂದು ನಮಗೆ ಮನವರಿಕೆಯಾಗಿಲ್ಲ ಎಂಬರ್ಥದ ಸಾಲು ಅದರಲ್ಲಿತ್ತು. ನಾನೇ ಅದನ್ನು ಕನ್ನಡ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ದನ ಬಿಟ್ಟು ನಾನು ಅಲ್ಲಿ ಎಂತಕ್ಕೆ ಉಳೀಲಿ ಮಾರಾಯ?” ಎಂದಳು.

ಅದು ಯಾವ ದೇಶ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಮಾತು ಒಂದು ಕಚೇರಿಯ ಮೇಲಿನ ದೂರಾಗಿ ಮುಗಿದುಹೋಗುತ್ತದೆ. ನನ್ನನ್ನು ಕಾಡಿದ್ದು ಆ ಹಾಳೆಯ ವಾಕ್ಯ. ಚಿಕ್ಕಮ್ಮನನ್ನು ಊರಿಗೆ ಕಟ್ಟಿಹಾಕಿದ್ದ ಹಸು, ತೋಟದ ಕೊಳೆರೋಗ, ಚಿಕ್ಕಪ್ಪನ ವರ್ಷಾಂತಿಕ, ಇವುಗಳಲ್ಲಿ ಒಂದನ್ನೂ ಆ ಅರ್ಜಿ ಕೇಳಿರಲಿಲ್ಲ. ತೀರ್ಮಾನ ಮಾಡಿದವರು ಅವಳ ಮುಖವನ್ನೂ ನೋಡಿರಲಿಲ್ಲ.

ಪ್ರವಾಸಿ ವೀಸಾ ಎಂದೊಡನೆ ಐಫೆಲ್ ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳುವವರ ಚಿತ್ರ ಕಣ್ಣಿಗೆ ಬರುತ್ತದೆ. ಅವರೂ ಇದ್ದಾರೆ, ಅವರ ಆಸೆಯೂ ಸಣ್ಣದಲ್ಲ. ಆದರೆ ಇದೇ ವೀಸಾದಲ್ಲಿ ಮಗಳ ಬಾಣಂತನಕ್ಕೆ ಹೋಗುವ ತಾಯಂದಿರಿದ್ದಾರೆ, ಮಗನ ಘಟಿಕೋತ್ಸವಕ್ಕೆ ಹೊರಟ ಮೇಷ್ಟರಿದ್ದಾರೆ, ಅಣ್ಣನ ಅಂತ್ಯಕ್ರಿಯೆಗೆ ಓಡುವ ತಂಗಿಯರಿದ್ದಾರೆ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈಗ ಒಬ್ಬ ಮಗ ಅಥವಾ ಮಗಳು ಸಮುದ್ರದಾಚೆ ಇರುವುದರಿಂದ ಹುಟ್ಟು ಸಾವುಗಳ ನಡುವೆಯೇ ವೀಸಾ ಬಂದು ನಿಂತಿದೆ.

ಅಮೆರಿಕದ ಕಾನೂನನ್ನು ನೋಡೋಣ; ಅದು ತನ್ನ ಮನಸ್ಸಿನಲ್ಲಿರುವುದನ್ನು ಮುಚ್ಚಿಡದೆ ಹೇಳುತ್ತದೆ. 1952ರ ವಲಸೆ ಮತ್ತು ಪೌರತ್ವ ಕಾಯ್ದೆಯ ಸೆಕ್ಷನ್ 214(ಬಿ) ಪ್ರಕಾರ, ವೀಸಾ ಕೇಳಿ ಬಂದ ವಿದೇಶಿಯನ್ನು ಶಾಶ್ವತವಾಗಿ ನೆಲೆಸಲು ಬಂದವನೆಂದೇ ಮೊದಲು ಭಾವಿಸಬೇಕು. ತಾನು ಹಾಗಲ್ಲವೆಂದು ಕಾನ್ಸುಲರ್ ಅಧಿಕಾರಿಗೆ ಮನವರಿಕೆ ಮಾಡಿಕೊಡುವ ಹೊರೆ ಅರ್ಜಿದಾರನದು. ಕಿಟಕಿಯ ಮುಂದೆ ಸಿಗುವ ಎರಡು ಮೂರು ನಿಮಿಷದಲ್ಲಿ, ಆರು ತಿಂಗಳಾಚೆಗೆ ತಾನೇನು ಮಾಡುತ್ತೇನೆ ಎಂಬುದನ್ನು ಅವನು ಸಾಬೀತು ಮಾಡಬೇಕು. ನಡೆದುಹೋದದ್ದಕ್ಕೆ ಸಾಕ್ಷಿ ಇರುತ್ತದೆ. ಇನ್ನೂ ನಡೆಯದ ಹಿಂತಿರುಗುವಿಕೆಗೆ ಎಲ್ಲಿಂದ ತರುವುದು? ಇದೇ ಕಾಯ್ದೆಯಲ್ಲಿ ಎಚ್‌-1ಬಿ ಮತ್ತು ಎಲ್ ವರ್ಗದ ಕೆಲಸದ ವೀಸಾದವರಿಗೆ ಈ ಊಹೆಯಿಂದ ವಿನಾಯಿತಿ ಇದೆ. ಅಲ್ಲೇ ಉಳಿಯುವ ಸಾಧ್ಯತೆ ನಿಜಕ್ಕೂ ಇರುವ ಮಗನ ಮೇಲೆ ಕಾನೂನು ಅನುಮಾನ ಪಡುವುದಿಲ್ಲ. ಮೂರು ತಿಂಗಳಿಗೆ ಊರಿನ ನೀರು ನೆನಪಾಗುವ ತಾಯಿಯ ಮೇಲೆ ಪಡುತ್ತದೆ.

ಭವಿಷ್ಯಕ್ಕೆ ಸಾಕ್ಷಿ ಸಿಗದ ಕಡೆ ಅದರ ಬದಲಿಗೆ ಆಸ್ತಿಯನ್ನು ಅಳೆಯುತ್ತಾರೆ. ಬೇರಿನ ಬಲವನ್ನು ಬ್ಯಾಂಕಿನ ಬಾಕಿಯಿಂದ ಲೆಕ್ಕ ಹಾಕುವ ಪದ್ಧತಿ ಇದು. ಸಂಬಳದ ಕೆಲಸವಿದ್ದರೆ ಒಂದು ಬೇರು, ಸ್ವಂತ ಮನೆ ಇದ್ದರೆ ಇನ್ನೊಂದು, ಹೆಂಡತಿ ಮಕ್ಕಳನ್ನು ಇಲ್ಲಿ ಬಿಟ್ಟು ಹೊರಟರೆ ಮತ್ತೊಂದು, ಹಿಂದೆ ನಾಲ್ಕು ದೇಶ ಸುತ್ತಿ ಬಂದಿದ್ದರೆ ಇನ್ನೂ ಗಟ್ಟಿ. ಈ ಲೆಕ್ಕದಲ್ಲಿ ವಿಧವೆಯಾದ ತಾಯಿ ಹಗುರ. ಮದುವೆಯಾಗದ ಇಪ್ಪತ್ತೈದರ ಹುಡುಗಿ ಹಗುರ. ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದ ರೈತ ಹಗುರ. ಅನುಭವ ಹೇಳುವುದು ಬೇರೆ. ಎಲ್ಲಿ ಬೇಕಾದರೂ ಬದುಕಬಲ್ಲ ಹಣವಂತನಿಗೆ ಊರು ಬಿಡುವುದು ಸುಲಭ. ಮಲೆನಾಡಿನ ಮಳೆ ಬಿಟ್ಟು ಒಂದು ವಾರ ಇರಲಾರದವಳಿಗೆ ಅದು ಆಗದ ಮಾತು. ಇದನ್ನು ಯಾವ ಸ್ಟೇಟ್‌ಮೆಂಟೂ ತೋರಿಸುವುದಿಲ್ಲ.

ಇದರ ಇನ್ನೊಂದು ಫಲವೂ ಇದೆ, ಅದು ನನಗೆ ಹೆಚ್ಚು ನೋವು ಕೊಡುತ್ತದೆ. ಅರ್ಜಿಗೆ ಮುಂಚೆ ನಂಟರಿಂದ ಸಾಲ ತಂದು ಖಾತೆ ತುಂಬಿಸುವುದು, ಹೋಗದ ಹೋಟೆಲಿಗೆ ಬುಕಿಂಗ್ ಕಾಗದ ಮಾಡಿಸುವುದು, ‘ಡಮ್ಮಿ ಟಿಕೆಟ್’ ಎಂಬ ಹೆಸರಿನಲ್ಲೇ ಬಹಿರಂಗವಾಗಿ ಮಾರುವ ವಿಮಾನದ ಚೀಟಿ, ಇವೆಲ್ಲ ಮರ್ಯಾದಸ್ಥ ಮನೆಗಳೊಳಗೆ ಬಂದುಬಿಟ್ಟಿವೆ. “ಬಾಣಂತನ ಅಂತ ಹೇಳಬೇಡಿ, ಊರು ನೋಡೋಕೆ ಅಂತ ಹೇಳಿ” ಎಂದು ಏಜೆಂಟರು ಹಿರಿಯರಿಗೆ ಪಾಠ ಹೇಳಿಕೊಡುತ್ತಾರೆ. ಬದುಕಿನಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಜನ ಎಪ್ಪತ್ತನೇ ವಯಸ್ಸಿನಲ್ಲಿ ಸುಳ್ಳನ್ನು ಬಾಯಿಪಾಠ ಮಾಡಿ, ಹೇಳುವಾಗ ತಡವರಿಸಿ, ತಡವರಿಸಿದ್ದಕ್ಕೇ ಅನುಮಾನಕ್ಕೊಳಗಾಗುತ್ತಾರೆ. ನಿಜ ಹೇಳಿದರೆ ಸಾಕು ಎಂಬ ಧೈರ್ಯವನ್ನು ಒಂದು ವ್ಯವಸ್ಥೆ ಕೊಡದಿದ್ದರೆ ಅದಕ್ಕೆ ನಿಜ ಸಿಗುವುದು ಹೇಗೆ? ಹೈದರಾಬಾದಿನ ಹತ್ತಿರದ ಚಿಲ್ಕೂರು ಬಾಲಾಜಿಗೆ ‘ವೀಸಾ ದೇವರು’ ಎಂಬ ಹೆಸರು ಬಂದದ್ದನ್ನು ಎಷ್ಟೋ ಜನ ಮೂಢನಂಬಿಕೆ ಎಂದು ತಳ್ಳಿಹಾಕುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿ ಹರಕೆ ಹೊತ್ತು ಹನ್ನೊಂದು ಪ್ರದಕ್ಷಿಣೆ ಹಾಕಿ, ವೀಸಾ ಸಿಕ್ಕ ಮೇಲೆ ನೂರೆಂಟು ಹಾಕಲು ಮರಳಿ ಬರುತ್ತಾರೆ. ತೀರ್ಪಿನ ಹಿಂದಿನ ಕಾರಣ ತಿಳಿಯದ ಕಡೆ ಮನುಷ್ಯ ಹರಕೆ ಹೊರುತ್ತಾನೆ. ಮಳೆ ಬಾರದಿದ್ದಾಗ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ.

ದೇಶಗಳಿಗೆ ತಮ್ಮ ಬಾಗಿಲು ಕಾಯುವ ಹಕ್ಕಿಲ್ಲವೇ ಎಂದು ಕೇಳಬಹುದು. ಇದೆ. ಪ್ರವಾಸಿಯಾಗಿ ಹೋಗಿ ಅವಧಿ ಮೀರಿ ಉಳಿಯುವವರು ಇದ್ದಾರೆ, ಅವರಲ್ಲಿ ಭಾರತೀಯರೂ ಇದ್ದಾರೆ. ಅಮೆರಿಕದ ಗೃಹಭದ್ರತಾ ಇಲಾಖೆಯ ವರದಿಯಂತೆ 2019ರ ಹಣಕಾಸು ವರ್ಷದಲ್ಲಿ ಹೊರಡಬೇಕಿದ್ದ ಐದೂವರೆ ಕೋಟಿಗೂ ಹೆಚ್ಚು ಭೇಟಿಗಳಲ್ಲಿ ಅವಧಿ ಮೀರಿದವು 6.76 ಲಕ್ಷ, ಅಂದರೆ ನೂರಕ್ಕೆ 1.21. ಈ ಅಂಕಿ ಕಡಿಮೆ ಇರುವುದರಿಂದ ಜರಡಿಯೇ ಬೇಡ ಎನ್ನುವುದು ಅವಸರದ ವಾದ. ಜರಡಿ ಹಿಡಿದದ್ದರಿಂದಲೇ ಅದು ಕಡಿಮೆಯಾಗಿರಬಹುದು. ಗಡಿಗಳೆಲ್ಲ ತೆರೆದಿರಲಿ ಎಂದು ನಾನು ಹೇಳುತ್ತಿಲ್ಲ. ‘ಇಲ್ಲ’ ಎನ್ನುವ ಅಧಿಕಾರ ಇರಲಿ. ಆದರೆ ಯಾಕೆ ಇಲ್ಲ ಎಂದು ಹೇಳುವ ಹೊಣೆ ಅದರ ಜೊತೆಗೇ ಇರಬೇಕು. ಹೇಳಿದ ಕಾರಣ ತಪ್ಪಾಗಿದ್ದರೆ ಅದನ್ನು ಇನ್ನೊಬ್ಬರ ಮುಂದೆ ಇಟ್ಟು ಕೇಳುವ ದಾರಿಯೂ ಇರಬೇಕು. ನನ್ನ ವಾದ ಇಷ್ಟೇ.

ಇದು ವಿಚಿತ್ರ ಬೇಡಿಕೆಯೇನಲ್ಲ; ಭಾರತದ ಸುಪ್ರೀಂ ಕೋರ್ಟು ನಮ್ಮ ಸರ್ಕಾರಕ್ಕೆ ಹೇಳಿದ್ದೂ ಇದನ್ನೇ. 1977ರ ಜುಲೈಯಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ‘ಸಾರ್ವಜನಿಕ ಹಿತ’ದ ಹೆಸರಿನಲ್ಲಿ ಸರ್ಕಾರ ವಶಪಡಿಸಿಕೊಂಡಿತು, ಕಾರಣ ಕೇಳಿದರೆ ಕೊಡಲಾಗದು ಎಂದಿತು. 1978ರ ಜನವರಿಯಲ್ಲಿ ಬಂದ ತೀರ್ಪು, ವ್ಯಕ್ತಿಯ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ವಿಧಾನ ನ್ಯಾಯಸಮ್ಮತವಾಗಿರಬೇಕು, ಅವರ ಮಾತನ್ನು ಕೇಳಬೇಕು ಎಂಬ ತತ್ವವನ್ನು ಗಟ್ಟಿಮಾಡಿತು. ಅದಕ್ಕೆ ಹನ್ನೊಂದು ವರ್ಷ ಮೊದಲೇ, 1967ರಲ್ಲಿ, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ಸ್ವಾತಂತ್ರ್ಯದ ಭಾಗ ಎಂದು ಅದೇ ಕೋರ್ಟು ಹೇಳಿತ್ತು. ಅಲ್ಲಿಯವರೆಗೆ ಪಾಸ್‌ಪೋರ್ಟ್ ಎಂದರೆ ಸರ್ಕಾರ ಮನಸ್ಸು ಬಂದರೆ ಕೊಡುವ ಕೃಪೆ. ಹೀಗೆ ಮನೆಯಿಂದ ಹೊರಡುವ ಬಾಗಿಲಿಗೆ ಕಾನೂನು ಬಂತು. ಆದರೆ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿ ಯಾವುದೇ ದೇಶವನ್ನು ಬಿಟ್ಟು ಹೋಗುವ ಮತ್ತು ತನ್ನ ದೇಶಕ್ಕೆ ಮರಳುವ ಹಕ್ಕನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. ಹೊರಟವನು ಎಲ್ಲಿಗೆ ತಲುಪಬಹುದು ಎಂಬ ಬಗ್ಗೆ ಅದರಲ್ಲಿ ಮಾತಿಲ್ಲ. ವೀಸಾ ಅಧಿಕಾರಿ ಕುಳಿತಿರುವುದು ಆ ಮಾತಿಲ್ಲದ ಜಾಗದಲ್ಲಿ.

ಯುರೋಪಿನಲ್ಲಿ ಆ ಜಾಗಕ್ಕೂ ಕಾನೂನು ನಿಧಾನವಾಗಿ ಹೆಜ್ಜೆ ಇಟ್ಟಿದೆ. ಈಗ 29 ದೇಶಗಳಿರುವ ಷೆಂಗೆನ್ ವಲಯದ ವೀಸಾ ಸಂಹಿತೆ 2009ರದು. ಅದರ ಪ್ರಕಾರ ತಿರಸ್ಕಾರದ ಕಾರಣವನ್ನು ನಿಗದಿತ ನಮೂನೆಯಲ್ಲಿ ತಿಳಿಸಬೇಕು, ಮೇಲ್ಮನವಿಗೆ ಅವಕಾಶ ಕೊಡಬೇಕು. ಮೊರಾಕ್ಕೊದ ಒಬ್ಬ ಗಂಡಸಿನ ಪ್ರಕರಣ ನೋಡಿ; ಅವನ ಹೆಂಡತಿ ಮತ್ತು ಮಗು ಪೋಲೆಂಡಿನವರು. ಅವರನ್ನು ನೋಡಲು ಹೋಗಬೇಕೆಂದು ರಬಾತಿನಲ್ಲಿರುವ ಪೋಲೆಂಡ್ ಕಾನ್ಸಲರಿಗೆ ಅರ್ಜಿ ಹಾಕಿದ. 2015ರ ಜನವರಿಯಲ್ಲಿ ಅದು ತಿರಸ್ಕೃತವಾಯಿತು, ಮರುಪರಿಶೀಲನೆಯಲ್ಲೂ ಅದೇ ಉತ್ತರ. ಕಾನ್ಸಲರ ತೀರ್ಮಾನವನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಪೋಲೆಂಡಿನ ಕಾನೂನು ಬಿಡುತ್ತಿರಲಿಲ್ಲ. ಪ್ರಕರಣ ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. 2017ರ ಡಿಸೆಂಬರಿನಲ್ಲಿ ಆ ನ್ಯಾಯಾಲಯ, ಮೇಲ್ಮನವಿಯ ದಾರಿಯಲ್ಲಿ ಎಲ್ಲಾದರೂ ಒಂದು ಹಂತದಲ್ಲಿ ನ್ಯಾಯಾಧೀಶರ ಮುಂದೆ ಹೋಗುವ ಅವಕಾಶ ಇರಲೇಬೇಕು ಎಂದು ತೀರ್ಪು ಕೊಟ್ಟಿತು. ಯುರೋಪಿನ ಹೊರಗೆ ನಿಂತ ಅರ್ಜಿದಾರನಿಗೆ ಯುರೋಪಿನ ಕೋರ್ಟು ಬಾಗಿಲು ತೆರೆದ ಈ ಗಳಿಗೆ ನನ್ನ ಮಟ್ಟಿಗೆ ದೊಡ್ಡದು. ಅಮೆರಿಕದಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಕಾನ್ಸುಲರ್ ಅಧಿಕಾರಿಯ ತೀರ್ಮಾನವನ್ನು ನ್ಯಾಯಾಲಯಗಳು ಕೆದಕುವುದಿಲ್ಲ ಎಂಬ ಹಳೆಯ ಸಿದ್ಧಾಂತವನ್ನು ಅಲ್ಲಿನ ಸುಪ್ರೀಂ ಕೋರ್ಟು 2024ರ ಜೂನಿನಲ್ಲಿ, ತನ್ನ ಪ್ರಜೆಯೊಬ್ಬಳ ಗಂಡನ ಪ್ರಕರಣದಲ್ಲಿ, ಇನ್ನಷ್ಟು ಬಿಗಿ ಮಾಡಿತು.

ಷೆಂಗೆನ್ ನಮೂನೆಯನ್ನು ನಾನು ಹೊಗಳಿದೆನೆಂದು ಅಲ್ಲಿ ಎಲ್ಲವೂ ಸರಿ ಎಂದಲ್ಲ. ವಾಪಸು ಹೊರಡುವ ಉದ್ದೇಶದ ಬಗ್ಗೆ ಅನುಮಾನವಿದೆ ಎಂಬ ಸಾಲಿನ ಪಕ್ಕ ಒಂದು ಗುರುತು ಹಾಕಿ ಕಳಿಸಿದರೆ ಅದು ಕಾರಣ ಕೊಟ್ಟಂತೆ ಕಾಣುತ್ತದೆ, ಕೊಟ್ಟಂತಾಗುವುದಿಲ್ಲ. ಯಾವ ಕಾಗದ ಸಾಲಲಿಲ್ಲ, ಯಾವ ಉತ್ತರದಿಂದ ಅನುಮಾನ ಹುಟ್ಟಿತು ಎಂದು ಎರಡು ವಾಕ್ಯ ಬರೆದರೆ ಅರ್ಜಿದಾರ ಮುಂದಿನ ಸಲ ಅದನ್ನು ಸರಿಪಡಿಸಬಹುದು. ಎರಡು ವಾಕ್ಯ ಬರೆಯಬೇಕಾದ ಅಧಿಕಾರಿ ಬರೆಯುವ ಮೊದಲು ಒಮ್ಮೆ ಯೋಚಿಸುತ್ತಾನೆ. ಆ ಯೋಚನೆಗೆ ಬೆಲೆ ಇದೆ.

ಬೆಲೆಯ ಮಾತು ಬಂತು. ಅಮೆರಿಕದ ಪ್ರವಾಸಿ ವೀಸಾ ಅರ್ಜಿಯ ಶುಲ್ಕ 2023ರ ಜೂನಿನಿಂದ 185 ಡಾಲರ್. ಷೆಂಗೆನ್ ಶುಲ್ಕ 2024ರ ಜೂನಿನಲ್ಲಿ 80 ಯೂರೊಗಳಿಂದ 90ಕ್ಕೆ ಏರಿತು. ವೀಸಾ ಸಿಗದಿದ್ದರೂ ಈ ಹಣ ಮರಳಿ ಬರುವುದಿಲ್ಲ. 2024ರಲ್ಲಿ ಭಾರತದಿಂದ ಸಲ್ಲಿಕೆಯಾದ ಷೆಂಗೆನ್ ಅರ್ಜಿಗಳು ಸುಮಾರು 11 ಲಕ್ಷ, ತಿರಸ್ಕೃತವಾದವು ಸುಮಾರು 1.65 ಲಕ್ಷ. ಮಕ್ಕಳ ರಿಯಾಯಿತಿ ಕಳೆದರೂ ಹೀಗೆ ಹೋದ ಹಣ ಒಂದು ಕೋಟಿ ಯೂರೊ ದಾಟುತ್ತದೆ. ಇದರ ಮೇಲೆ ಅರ್ಜಿ ಕೇಂದ್ರದ ಸೇವಾಶುಲ್ಕ, ಕನಿಷ್ಠ 30 ಸಾವಿರ ಯೂರೊ ಮೊತ್ತದ ವೈದ್ಯಕೀಯ ವಿಮೆ, ಬೆಂಗಳೂರಿನ ಬಸ್ಸು, ಲಾಡ್ಜು. ಅರ್ಜಿ ಪರಿಶೀಲಿಸಲು ಖರ್ಚು ತಗಲುತ್ತದೆ ಎಂಬುದು ಸರಿ. ಆದರೆ ಕಾರಣವನ್ನೇ ವಿವರಿಸದ ಪರಿಶೀಲನೆಗೆ ಪೂರ್ತಿ ಶುಲ್ಕ ಯಾಕೆ? ತಿರಸ್ಕರಿಸಿದಾಗ ಅರ್ಧವನ್ನಾದರೂ ಹಿಂತಿರುಗಿಸುವ, ಇಲ್ಲವೇ ಅದೇ ಶುಲ್ಕದಲ್ಲಿ ಇನ್ನೊಮ್ಮೆ ಅರ್ಜಿ ಹಾಕಲು ಬಿಡುವ ನಿಯಮ ಅಸಾಧ್ಯವೇನಲ್ಲ.

2025ರ ಆಗಸ್ಟಿನಲ್ಲಿ ಅಮೆರಿಕ ಮಲಾವಿ ಮತ್ತು ಜಾಂಬಿಯಾ ದೇಶಗಳ ಪ್ರವಾಸಿಗಳಿಂದ ಜಾಮೀನು ಹಣ ಪಡೆಯುವ ಪ್ರಯೋಗ ಶುರು ಮಾಡಿತು: 5, 10 ಅಥವಾ 15 ಸಾವಿರ ಡಾಲರ್. ಸಮಯಕ್ಕೆ ಮರಳಿದರೆ ಹಣ ವಾಪಸು. ತಿರಸ್ಕಾರಕ್ಕಿಂತ ಇದು ಮೇಲು ಎಂದು ಕೆಲವರು ವಾದಿಸುತ್ತಾರೆ, ಆ ವಾದದಲ್ಲಿ ಸ್ವಲ್ಪ ತಿರುಳಿದೆ. ಕೊನೆಗೂ ಹಿಂತಿರುಗಿ ತೋರಿಸುವ ಅವಕಾಶ ಸಿಗುತ್ತದೆ. ಆದರೆ ಮಲಾವಿಯ ಸಾಮಾನ್ಯ ಕುಟುಂಬ ಹಲವು ವರ್ಷ ದುಡಿದರೂ ಕಾಣದ ಮೊತ್ತ ಅದು.

ಹಣಕ್ಕಿಂತ ಕ್ರೂರವಾದದ್ದು ಕಾಲ. ಕೋವಿಡ್ ತಗ್ಗಿದ ಮೇಲೆ, 2022ರ ಕೊನೆಯ ಹೊತ್ತಿಗೆ, ಭಾರತದ ಕೆಲವು ನಗರಗಳಲ್ಲಿ ಅಮೆರಿಕದ ಪ್ರವಾಸಿ ವೀಸಾ ಸಂದರ್ಶನಕ್ಕೆ ಕಾಯಬೇಕಾದ ದಿನಗಳು 900 ದಾಟಿದ್ದವು. ಅಷ್ಟರಲ್ಲಿ ಹುಟ್ಟಿದ ಮಗು ಮಾತಾಡಲು ಕಲಿತಿರುತ್ತದೆ. ಸ್ಲಾಟಿಗಾಗಿ ಮನೆಮಂದಿ ಸರದಿ ಹಾಕಿಕೊಂಡು ನಡುರಾತ್ರಿ ಕಂಪ್ಯೂಟರಿನ ಮುಂದೆ ಕೂತದ್ದನ್ನು ಕಂಡಿದ್ದೇನೆ. ಅನುಕೂಲವಿದ್ದವರು ಬ್ಯಾಂಕಾಕಿಗೆ ಹೋಗಿ ಸಂದರ್ಶನ ಕೊಟ್ಟು ಬರುತ್ತಿದ್ದರು. 2025ರ ಸೆಪ್ಟೆಂಬರಿನಿಂದ ಆ ದಾರಿಯೂ ಬಹುಮಟ್ಟಿಗೆ ಮುಚ್ಚಿತು. ತನ್ನ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕೆಂಬುದು ಹೊಸ ನಿಯಮ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ನಮ್ಮವರು ಸಂಭ್ರಮಿಸಿದ್ದು ಚೆನ್ನೈಗೆ ಅಲೆಯುವುದು ತಪ್ಪೀತು ಎಂದು. ಆದರೆ ವೀಸಾ ಸೇವೆ ಅಂದೇ ಆರಂಭವಾಗಲಿಲ್ಲ.

ಈ ಅನುಮಾನದ ಬೇರು ಹಳೆಯದು, ಅದರಲ್ಲಿ ನಮ್ಮವರ ಕಥೆಯೂ ಇದೆ. 1914ರ ಮೇ ತಿಂಗಳಲ್ಲಿ ‘ಕೊಮಗಾಟ ಮಾರು’ ಎಂಬ ಹಡಗು 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರಿಗೆ ಬಂತು. ಹೆಚ್ಚಿನವರು ಪಂಜಾಬಿನ ಸಿಖ್ಖರು, ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳು. ತಮ್ಮ ದೇಶದಿಂದ ಎಲ್ಲೂ ಹಡಗು ಬದಲಿಸದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂಬ ನಿಯಮವನ್ನು ಕೆನಡಾ 1908ರಲ್ಲೇ ಮಾಡಿತ್ತು. ಭಾರತದಿಂದ ನೇರ ಹಡಗು ಇರಲೇ ಇಲ್ಲ. ಭಾರತೀಯರು ಬರಬಾರದು ಎಂದು ಆ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ, ಆದರೆ ಅದರ ಕೆಲಸ ಅದೇ. ಎರಡು ತಿಂಗಳು ಬಂದರಿನಲ್ಲೇ ನಿಲ್ಲಿಸಿ ಹಡಗನ್ನು ಹಿಂದಕ್ಕೆ ಅಟ್ಟಿದರು. ಕಲ್ಕತ್ತೆಯ ಹತ್ತಿರದ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿತು. ಹಡಗನ್ನು ಹಿಂದಕ್ಕೆ ಅಟ್ಟಿದ್ದಕ್ಕೆ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ. ‘ಊರಿನ ನಂಟು ಸಾಲದು’ ಎಂಬ ಇಂದಿನ ಮಾತನ್ನು ಓದುವಾಗ ನನಗೆ ಆ ‘ನೇರ ಪ್ರಯಾಣ’ದ ನಿಯಮ ನೆನಪಾಗುತ್ತದೆ. ಬಡವರು ಬರಬಾರದು ಎಂದು ಇಲ್ಲೂ ಬರೆದಿಲ್ಲ.

ಅದೇ ಕೆನಡಾ ಇನ್ನೊಂದು ದಾರಿಯನ್ನೂ ತೋರಿಸಿದೆ. 2011ರ ಡಿಸೆಂಬರಿನಲ್ಲಿ ತನ್ನಲ್ಲಿ ನೆಲೆಸಿದವರ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಿಗೆಂದೇ ‘ಸೂಪರ್ ವೀಸಾ’ ತಂದಿತು. ಒಂದು ಭೇಟಿಗೆ ಮೊದಲು ಎರಡು ವರ್ಷ ಇರಬಹುದಿತ್ತು, 2022ರಿಂದ ಐದು ವರ್ಷ. ವಿಮೆ ಬೇಕು, ಮಕ್ಕಳ ಆದಾಯದ ದಾಖಲೆ ಬೇಕು, ಅರ್ಜಿ ತಿರಸ್ಕಾರವೂ ಆಗಬಹುದು. ಆದರೂ ಮೊಮ್ಮಗುವನ್ನು ನೋಡಲು ಬರುವ ಅಜ್ಜಿಯನ್ನು ಪ್ರವಾಸಿ ಎಂದು ನಟಿಸಲು ಆ ನಿಯಮ ಒತ್ತಾಯಿಸುವುದಿಲ್ಲ. ಥಾಯ್ಲೆಂಡ್ 2023ರ ನವೆಂಬರಿನಲ್ಲಿ, ಮಲೇಷ್ಯಾ ಮರುತಿಂಗಳು ಭಾರತೀಯರಿಗೆ ವೀಸಾ ಬೇಡ ಎಂದವು. ಅವಕ್ಕೆ ಪ್ರವಾಸಿಯ ಖರ್ಚು ಬೇಕಿತ್ತು.

ಈಗ ನಮ್ಮ ಬಾಗಿಲಿಗೆ ಬರೋಣ. ನಾವು ಹೊರಗೆ ಕೇಳುವುದನ್ನು ಒಳಗೆ ಕೊಡುತ್ತಿದ್ದೇವೆಯೇ? 2014ರ ನವೆಂಬರಿನಲ್ಲಿ 43 ದೇಶಗಳಿಗೆ ಆರಂಭವಾದ ಇ-ವೀಸಾ ಇಂದು ನೂರೈವತ್ತಕ್ಕೂ ಹೆಚ್ಚು ದೇಶದವರಿಗೆ ಸಿಗುತ್ತದೆ. ಹಂಪಿಗೆ ಬರುವ ಎಷ್ಟೋ ವಿದೇಶಿಯರು ಕಾನ್ಸುಲೇಟಿನ ಮುಖ ನೋಡದೆ ಬರುತ್ತಾರೆ. ಇದು ಒಳ್ಳೆಯ ಕೆಲಸ. ಆದರೆ ಅದೇ ಅರ್ಜಿ, ನಿಮ್ಮ ತಂದೆತಾಯಿ ಅಥವಾ ಅಜ್ಜ ಅಜ್ಜಿಯರು ಪಾಕಿಸ್ತಾನದ ಪ್ರಜೆಗಳಾಗಿದ್ದರೇ ಎಂದು ಕೇಳುತ್ತದೆ. ಹೌದು ಎಂದರೆ ಇ-ವೀಸಾ ಇಲ್ಲ. ಅರ್ಜಿದಾರ ಹುಟ್ಟಿದ್ದು ಲಂಡನ್ನಿನಲ್ಲಾದರೂ, ಪಾಕಿಸ್ತಾನವನ್ನೇ ನೋಡಿರದಿದ್ದರೂ. ಭದ್ರತೆಯ ಭಯ ನಿಜವಾದದ್ದೇ. ಆದರೂ ಅಜ್ಜನ ಊರನ್ನು ಮೊಮ್ಮಗನ ಮೇಲೆ ಹೊರಿಸುವ ಪ್ರಶ್ನೆ ಅದು. 2025ರ ಸೆಪ್ಟೆಂಬರಿನಿಂದ ಜಾರಿಯಾದ ನಮ್ಮ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಪ್ರವೇಶದ ವಿಷಯದಲ್ಲಿ ವಲಸೆ ಅಧಿಕಾರಿಯ ತೀರ್ಮಾನವೇ ಅಂತಿಮ. 1978ರ ತೀರ್ಪನ್ನು ಹೆಮ್ಮೆಯಿಂದ ಓದುವ ನಾವು ಇದರ ಬಗ್ಗೆ ಒಂದು ಮಾತನ್ನಾದರೂ ಆಡಬೇಕಿತ್ತು.

ಬೈಲಕುಪ್ಪೆಯ ಟಿಬೆಟನ್ನರ ಕಥೆ ಇನ್ನೂ ಕಠಿಣ. 1961ರಲ್ಲಿ ಶುರುವಾದ ಆ ನೆಲೆಯಲ್ಲಿ ಹುಟ್ಟಿ ಬೆಳೆದವರಲ್ಲೂ ಅನೇಕರ ಬಳಿ ಇರುವುದು ಪಾಸ್‌ಪೋರ್ಟ್ ಅಲ್ಲ, ಭಾರತ ಸರ್ಕಾರ ಕೊಡುವ ಹಳದಿ ಗುರುತಿನ ಪುಸ್ತಕ. ಅದನ್ನು ಹಿಡಿದು ಹೋದವರ ಮುಂದೆಯೂ ಅದೇ ಪ್ರಶ್ನೆ: ನಿಮ್ಮ ದೇಶಕ್ಕೆ ಮರಳುತ್ತೀರೆಂಬುದಕ್ಕೆ ಏನು ಸಾಕ್ಷಿ? ಆ ಪ್ರಶ್ನೆ ಕೇಳುವಾಗ ‘ನಿಮ್ಮ ದೇಶ’ ಎಂಬ ಮಾತು ಆ ಮನುಷ್ಯನಿಗೆ ಹೇಗೆ ಕೇಳಿಸುತ್ತದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಚಿಕ್ಕಮ್ಮ ಮತ್ತೆ ಅರ್ಜಿ ಹಾಕಲಿಲ್ಲ. ಹುರಿದು ಕಟ್ಟಿಟ್ಟಿದ್ದ ಬಾಣಂತಿಯ ಮೆಣಸಿನಪುಡಿ, ಅಂಟಿನುಂಡೆ, ಶುಂಠಿಯ ಲೇಹ್ಯಗಳನ್ನು ಯಾರೋ ಹೋಗುವವರ ಕೈಯಲ್ಲಿ ಕಳಿಸಿದಳು. ಎಣ್ಣೆ ಹಚ್ಚುವುದು ಹೇಗೆ, ನೀರೆರೆಯುವುದು ಹೇಗೆ ಎಂದು ಅಳಿಯನಿಗೆ ವಿಡಿಯೊ ಕರೆಯಲ್ಲಿ ಹೇಳಿಕೊಟ್ಟಳು. ಮಗು ಹನ್ನೊಂದು ತಿಂಗಳಿಗೆ ತಾನೇ ಬಂತು. ಅದು ಆ ದೇಶದ ಪ್ರಜೆ, ಅಜ್ಜಿಯ ಮನೆಗೆ ಬರಲು ಅದಕ್ಕೂ ವೀಸಾ ಬೇಕಾಯಿತು. ಅರ್ಜಿಯನ್ನು ಇಲ್ಲಿಂದ ನಾನೇ ತುಂಬಿದೆ. ವೃತ್ತಿ, ಹಿಂದೆ ಸುತ್ತಿದ ದೇಶಗಳು, ಗುರುತಿನ ಕಲೆ ಎಲ್ಲ ಮುಗಿದು ಅಜ್ಜ ಅಜ್ಜಿಯರ ಪ್ರಶ್ನೆ ಬಂತು. ‘ಇಲ್ಲ’ ಎಂದು ಗುರುತು ಹಾಕಿದೆ. ಮೂರನೇ ದಿನ ವೀಸಾ ಇಮೇಲಿನಲ್ಲಿ ಬಂತು. ಚಿಕ್ಕಮ್ಮನಿಗೆ ಫೋನು ಮಾಡಿದಾಗ ಅವಳು ಕೊಟ್ಟಿಗೆಯಲ್ಲಿದ್ದಳು. “ನಿಂತ್ಕೋ, ಕೈ ತೊಳ್ಕೊಂಡು ಬರ್ತೆ” ಎಂದು ಫೋನನ್ನು ಹುಲ್ಲಿನ ಮೇಲೆ ಇಟ್ಟು ಹೋದಳು. ನಾನು ಅತ್ತ ಕಡೆಯ ಗಂಟೆಯ ಸದ್ದು ಕೇಳುತ್ತಾ ಕಾಯುತ್ತಿದ್ದೆ.